ಎಡಕ್ಕೆ ಹಣಮವ್ವ, ಬಲಕ್ಕೆ ಅಮಸಿದ್ದಪ್ಪ

ಜೂನ್ 4, 2017. ರವಿವಾರ, ಮಧ್ಯಾಹ್ನ

ಮತ್ತೆ ಕರಿ ಇಯರ್‌ಫೋನ್ ತೆಗೆದು ತಾಮ್ರದ ಬಣ್ಣದ್ದು ಹಾಕಿಕೊಂಡೆ. ಸ್ವಲ್ಪ ಹೊತ್ತು. ಮತ್ತೆ ಕರಿದು. ಕರಿದರಲ್ಲಿ ಡೊಳ್ಳು ಎದೆಗೇ ಬಂದು ಬಡಿಯುತ್ತದೆ, ಆದರೆ ಹಾಡುವವರು ಡೊಳ್ಳಿನ ಹಿಂದೆ ಅಡಗಿಬಿಡುತ್ತಾರೆ. ತಾಮ್ರದ ಬಣ್ಣದ್ದರಲ್ಲಿ ತಾಳದ ಅಂಚು ಸಹ ಕಾಣುತ್ತದೆ — ಹೌದು, ಕಾಣುತ್ತದೆ — ಆದರೆ ಅರ್ಧ ಗಂಟೆಗೆ ಕಿವಿ ಉರಿ. ಬೂದಿ ಬಣ್ಣದ್ದು ಇವೆರಡರ ನಡುವೆ. ಬೈಯಲೂ ಆಗದ, ಹೊಗಳಲೂ ಆಗದ ಸದ್ದು.

ಮೂರು ಇಯರ್‌ಫೋನ್. ಬಸ್ ಸ್ಟ್ಯಾಂಡಿನಲ್ಲಿ ನೇತಾಡುವ ಅಗ್ಗದವಲ್ಲ, ಯೂಟ್ಯೂಬಿನಲ್ಲಿ ತೋರಿಸಿ ಹೊಟ್ಟೆ ಉರಿಸುವಂಥವೂ ಅಲ್ಲ. ಕಾಮಣ್ಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವಳಿಗೆ ಒಂದು ಸಾಕು. ಒಂದು ಅಂತ ಕೊಂಡೆ, ಮೂರಾದವು. ಯಾವುದೂ ಸರಿ ಅನ್ನಿಸುತ್ತಿಲ್ಲ.

ಅವ್ವ ಬಂದು ನಿಂತಳು. ಬಾಯಿ ಆಡುವುದು ಕಂಡಿತು. ತೆಗೆದೆ.

"ಕಿವ್ಯಾಗ ಬಿರಡಿ ಜಡಕೊಂಡು ಕುಂತರ ಹೆಂಗ ಪ್ರೀತಿ? ಮುಧೋಳದಾಗೂ ಹಿಂಗ ಕುಂದರಾಕಿ ಏನ?"

ಮುಧೋಳ ಎಂದರೆ ಸೋಮಲಿಂಗನ ಮನೆ. ಕಳೆದ ತಿಂಗಳು ನಿಶ್ಚಯ ಆಯಿತು. ದೀಪಾವಳಿ ಮುಗಿದ ಮೇಲೆ ಮದುವೆ. ಹುಡುಗ ಛಲೋ. ಪೈಪು, ಪಂಪ್‌ಸೆಟ್ ಅಂಗಡಿ. ನೋಡಲು ಬಂದವರು ಊಟ ಮಾಡಿ ಏಳುವಷ್ಟರಲ್ಲಿ ಎಲ್ಲ ಗಟ್ಟಿ. ಬೇಡ ಅನ್ನಲು ಕಾರಣ ಸಿಗಲಿಲ್ಲ. ಬೇಕು ಅನ್ನಲೂ ಯಾರೂ ಕೇಳಲಿಲ್ಲ.

ಮತ್ತೆ ತಾಮ್ರದ್ದು ಹಾಕಿಕೊಂಡೆ.


ಜೂನ್ 11, ರವಿವಾರ

ಫೋನ್ ಬಂತು. ಸೋಮಲಿಂಗನದು. ಎಂದಿನಂತೆ ಊಟ ಆಯಿತೇ, ಜಮಖಂಡಿಯಲ್ಲಿ ಮಳೆ ಆಯಿತೇ. ಇವತ್ತು ತಡೆಯಲಾಗದೆ ಇಯರ್‌ಫೋನಿನ ಕಥೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ.

"ಒಂದ ನನಗ ಕಳಸು. ನಾನೂ ಕೇಳಿ ಹೇಳತೀನಿ."

"ನಿಮಗ ಇದ್ರಾಗ ಆಸಕ್ತಿ ಐತೇನ್ರಿ?"

"ಗೊತ್ತಿಲ್ಲ. ಒಂದ ಕಿವಿಗಿ ಹಾಕ್ಕೊಂಡು ಇನ್ನೊಂದು ಗಿರಾಕಿಗೆ ಬಿಡಾಂವ ನಾನು. ಎರಡೂ ಕಿವಿಗಿ ಹಾಕ್ಕೊಂಡು ಕುಂತು ಕೇಳೇ ಇಲ್ಲ."

(ಬಾಯಲ್ಲಿ ಬಹುವಚನ, ಇಲ್ಲಿ ಏಕವಚನ. ಯಾರು ಓದುತ್ತಾರೆ.)

ಕರಿದನ್ನು ಪೇಢೆ ಡಬ್ಬಿಯಲ್ಲಿಟ್ಟೆ. ಜೊತೆಗೆ ಮೆಮೊರಿ ಕಾರ್ಡು. ಅದರಲ್ಲಿ ಒಂದೇ ಹಾಡು — ಕಾಮಣ್ಣನ ಜೊತೆ ಹೋಗಿ ಬೀರೇಶ್ವರನ ಗುಡಿ ಮುಂದೆ ನಾನೇ ರೆಕಾರ್ಡ್ ಮಾಡಿದ ಡೊಳ್ಳಿನ ಪದ. ಸವಾಲ್-ಜವಾಬ್. ಸವಾಲ್ ಹಾಕುವವಳು ಹಣಮವ್ವ, ಅವಳ ಮೈಕು ಎಡಕ್ಕೆ. ಜವಾಬ್ ಕೊಡುವವನು ಅಮಸಿದ್ದಪ್ಪ, ಬಲಕ್ಕೆ. ಯಾವ ಇಯರ್‌ಫೋನ್ ಬಂದರೂ ಮೊದಲು ಇದನ್ನೇ ಹಾಕುವುದು. ಒಳ್ಳೆಯದಾದರೆ ಇಬ್ಬರೂ ಎದುರುಬದುರು ನಿಂತಂತೆ ಇರಬೇಕು.

ಮುಧೋಳ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಪೇಢೆಯೇ ಇರಬೇಕೆಂದು ನಕ್ಕ.


ಜೂನ್ 14

ವಾಟ್ಸಪ್‌ನಲ್ಲಿ ಸೋಮಲಿಂಗನ ಧ್ವನಿ. ಮೂರು ಸಲ ಕೇಳಿದೆ.

"ಅಮಸಿದ್ದಪ್ಪನ ದನಿ ಹೆಂಗ ಕೇಳತೈತಿ ಅಂದ್ರ... ಹೊಸಾ ಪೈಪಿನ್ಯಾಗ ಮೊದಲ ನೀರ ಬಂದಂಗ. ಮೊದಲ ಗಾಳಿ, ಆಮ್ಯಾಲ ತುಂಬಿ ಬರತೈತಿ. ಡೊಳ್ಳ ಸ್ವಲ್ಪ ಜಾಸ್ತಿ ಆತು. ಮತ್ತ, ಎಡಗಡೆದು ಸಣ್ಣಗ ಐತಿ. ಹಾಡು ಬಲಕ್ಕ ವಾಲತೈತಿ."

ಇಷ್ಟು ಚೆನ್ನಾಗಿ ಹೇಳುತ್ತಾನೆ ಅಂದುಕೊಂಡಿರಲಿಲ್ಲ. ಪೈಪಿನ ಮಾತಿಗೆ ಒಬ್ಬಳೇ ನಕ್ಕೆ.

ಆದರೆ ಹಣಮವ್ವನ ಮಾತೇ ಇಲ್ಲ. ಕಡೆಗೆ ಒಂದು ಪ್ರಶ್ನೆ — "ಅಂವ ನಡುನಡುವ ಅಷ್ಟೊತ್ತು ಯಾಕ ಸುಮ್ನ ನಿಂದರತಾನ?" ಸುಮ್ಮನೆ ಎಲ್ಲಿ? ಆಗ ಹಣಮವ್ವ ಹಾಡುತ್ತಾಳೆ. ಪೂರ್ತಿ ಕೇಳಿಲ್ಲ, ನನ್ನನ್ನು ಮೆಚ್ಚಿಸಲು ಹೇಳಿದ್ದಾನೆ. ಸಿಟ್ಟು ಬಂತು. ಕರಿದರ ಎಡಭಾಗ ಕೆಟ್ಟಿದೆಯೋ ಏನೋ. ತರಿಸಿ ನೋಡಬೇಕು.


ಜೂನ್ 25, ರವಿವಾರ

ಕರಿದು ವಾಪಸು ಬಂತು. ಎರಡೂ ಕಡೆ ಸರಿಯಾಗಿದೆ. ಗಂಟೆಗಟ್ಟಲೆ ಕೇಳಿದೆ. ಕಾಮಣ್ಣನಿಗೂ ಕೇಳಿಸಿದೆ. "ಛಲೋ ಐತೆಲ್ಲ ಬೇ, ಮಿಕ್ಸಿಂಗ್ ಯಾವಾಗ ಮುಗಸ್ತಿ?" ಅಂದ.

ತಾಮ್ರದ್ದು ಕಳಿಸಿದ್ದೆ. ಅದಕ್ಕೂ ಅದೇ ಮಾತು. "ಇದು ಸ್ವಚ್ಛ ಐತಿ. ಅಂವ ಉಸಿರ ತಗೊಳ್ಳೂದೂ ಕೇಳತೈತಿ. ಖರೆ ಇದೂ ಬಲಕ್ಕ ವಾಲತೈತಿ ನೋಡು."

ಬೂದಿಯದೂ ಕಳಿಸಿದೆ. ಅದೂ ಬಲಕ್ಕೆ.

ಮೂರು ಇಯರ್‌ಫೋನಿಗೆ ಒಂದೇ ರೋಗ ಬರುತ್ತದೆಯೇ?


ಜುಲೈ 2, ರವಿವಾರ, ಸಂಜೆ

ಇಯರ್‌ಫೋನ್ ಕೆಟ್ಟಿದೆಯೇ ಎಂದು ತಿಳಿಯಲು ಸುಲಭ ದಾರಿ ಇದೆ. ಅದಲುಬದಲು ಹಾಕಿಕೊಳ್ಳುವುದು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕೆಟ್ಟಿದ್ದು ಇಯರ್‌ಫೋನ್ ಆದರೆ ಸಣ್ಣ ಸದ್ದು ಈಗ ಬಲಗಡೆ ಬರಬೇಕು.

ಹಾಗೆ ಮಾಡಿ ನೋಡಿ ಅಂದೆ. ಸ್ವಲ್ಪ ಹೊತ್ತಿನಲ್ಲೇ ಫೋನ್ ಬಂತು. ಖುಷಿಯಲ್ಲಿದ್ದ.

"ಏ, ಇದು ಬ್ಯಾರೇ ಹಾಡಲ್ಲ? ಹೆಣ್ಣಮಗಳು ಹಾಡಾಕತ್ತಾಳ! ಅಮಸಿದ್ದಪ್ಪ ಎಲ್ಲಿ ಹ್ವಾದ?"

"ಅದೇ ಹಾಡ್ರಿ."

"ಅಲ್ಲ ಬಿಡು. ಆಕಿ ಇದ್ದಿಲ್ಲ ಮೊದಲ."

ಏನು ಹೇಳಿ ಫೋನ್ ಇಟ್ಟೆನೋ ನೆನಪಿಲ್ಲ. ಹೊರಗೆ ಗ್ಯಾಲರಿಗೆ ಹೋಗಿ ನಿಂತೆ, ಒಳಗೆ ಬಂದೆ, ಮತ್ತೆ ಹೋದೆ. ಇಯರ್‌ಫೋನ್ ಸರಿ ಇದೆ. ಮೂರೂ ಸರಿ ಇವೆ. ಎಡಗಿವಿಯ ಕಡೆ ಯಾರು ಹೋದರೂ ಅವರೇ ಮಾಯ.

ಅವನ ಎಡಗಿವಿ ಕೇಳುವುದಿಲ್ಲ. ಅವನಿಗೆ ಗೊತ್ತಿಲ್ಲ.


ಜುಲೈ 16

ಎರಡು ವಾರ ಬರೆಯಲಿಲ್ಲ. ಬರೆದರೆ ಖರೆಯಾಗುತ್ತದೆ ಅನ್ನುವ ಹಾಗೆ.

ಫೋನ್ ದಿನಾ ಬರುತ್ತದೆ. ಊಟ, ಮಳೆ, ಅಂಗಡಿ. ಹೂಂ ಅನ್ನುತ್ತೇನೆ. ನಿಶ್ಚಯದ ದಿನ ಅವ್ವ ಅವನ ಎಡಗಡೆ ನಿಂತು ಚಹಾ ತಗೋರಿ ಅಂದರೆ ತಿರುಗಿಯೂ ನೋಡಿರಲಿಲ್ಲ. "ಹುಡುಗಗ ಗತ್ತು ಭಾಳ" ಅಂದಿದ್ದಳು ಅವ್ವ.

ಅವ್ವನಿಗೆ ಹೇಳಿದರೆ ಅಪ್ಪನಿಗೆ ಹೋಗುತ್ತದೆ. ಅಪ್ಪನಿಗೆ ಹೋದರೆ ನಿಶ್ಚಯ ಮುರಿಯುತ್ತದೆ. ಅವನಿಗೆ ಹೇಳಿದರೆ... ಗೊತ್ತಿಲ್ಲ. ಹೇಳದೆ ಇದ್ದರೆ? ಇಷ್ಟು ವರ್ಷ ನಡೆದಿಲ್ಲವೇ. ಆದರೆ ರಸ್ತೆ ಇದೆ, ಗಾಡಿ ಇದೆ, ಎಡಗಡೆಯಿಂದ ಲಾರಿ ಬರುತ್ತದೆ.

ಇನ್ನೊಂದು ವಿಷಯ. ಇದನ್ನೂ ಬರೆಯಬೇಕು. ಗೊತ್ತಾದ ದಿನ ಗಾಬರಿಯ ಜೊತೆಗೆ ಮನಸ್ಸಿನ ಮೂಲೆಯಲ್ಲಿ ಒಂದು ಹಗುರ. ಬೇಡ ಅನ್ನಲು ಕಾರಣ ಸಿಕ್ಕಿತು. ಸ್ಟುಡಿಯೋ ಬಿಡಬೇಕಿಲ್ಲ. ಯಾರೂ ನನ್ನನ್ನು ಬೈಯುವುದಿಲ್ಲ. ಎಂಥ ಹೊಲಸು ಹಗುರ. ಅವತ್ತಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಬನಹಟ್ಟಿಯ ಮದುವೆಯ ವಿಡಿಯೋಕ್ಕೆ ರಬಕವಿಯವರ ಶಹನಾಯಿ ಹಾಕಿಬಿಟ್ಟೆ. ಕಾಮಣ್ಣ ಬೈದ.


ಜುಲೈ 23, ರವಿವಾರ

ಹೇಳಿದೆ.

ಸೋಮಲಿಂಗ ಮೊದಲು ನಕ್ಕ. ಫೋನನ್ನು ಎಡಗಿವಿಗೆ ಹಿಡಿಯಿರಿ ಅಂದೆ. ಮಾತಾಡುತ್ತಲೇ ಹೋದೆ — ಕೇಳಸ್ತದೇನ್ರಿ, ಕೇಳಸ್ತದೇನ್ರಿ. ಆ ಕಡೆ ಉತ್ತರ ಇಲ್ಲ. ತಡವಾಗಿ ಧ್ವನಿ ಬಂತು. ಮತ್ತೆ ಬಲಕ್ಕೆ ತಂದುಕೊಂಡಿರಬೇಕು.

"ಬರಿಯಾಕ ಒಂದ ಕೈ ಇರತೈತೆಲ್ಲ... ಹಂಗ ಫೋನಿಗೂ ಒಂದ ಕಿವಿ ಅನ್ಕೊಂಡಿದ್ದೆ. ಎಲ್ಲಾರಿಗೂ ಹಂಗ ಅಂತ."

ಆಮೇಲೆ ಅವನೇ ಕೇಳಿದ.

"ನಿನಗ ಯಾವಾಗ ಗೊತ್ತಾತು?"

"ಅದಲುಬದಲು ಹಾಕ್ಕೊಂಡ್ರಲ್ಲ, ಆವತ್ತ."

"ಅಂದ್ರ ಮೂರ ವಾರ ಆತು. ದಿನಾ ನನ್ನ ಜೋಡಿ ಮಾತಾಡಿದಿ. ಊಟ ಆತೇನ್ರಿ ಅಂದಿ, ಮಳಿ ಆತೇನ್ರಿ ಅಂದಿ."

"ಹೆಂಗ ಹೇಳೂದು ತಿಳೀಲಿಲ್ರಿ."

"ಹಾಡ ಕೇಳಾಕ ಕಳಸಿದಿಯೋ, ನನ್ನ ಪರೀಕ್ಷಾ ಮಾಡಾಕ ಕಳಸಿದಿಯೋ?"

ಉತ್ತರ ಕೊಡುವ ಮೊದಲೇ ಫೋನ್ ಇಟ್ಟ.


ಆಗಸ್ಟ್ 6

ಫೋನಿಲ್ಲ. ಕಳೆದ ವಾರ ಕಂಡಕ್ಟರ್ ಪೇಢೆ ಡಬ್ಬಿ ತಂದುಕೊಟ್ಟ. ಇಯರ್‌ಫೋನು, ಮೆಮೊರಿ ಕಾರ್ಡು. ಸೋಮಲಿಂಗ ವೈರನ್ನು ಸಿಕ್ಕಾಗದಂತೆ ಸುತ್ತಿಟ್ಟಿದ್ದಾನೆ. ಒಂದು ಮಾತಿಲ್ಲ.

ಇವತ್ತು ಅವನ ತಾಯಿ ರುಕ್ಮವ್ವ ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ಸ್ಪೀಕರ್ ಹಾಕಿದ್ದ. ಸಣ್ಣವನಿದ್ದಾಗ ಮಂಗನಬಾವು ಆಗಿತ್ತಂತೆ. ಬಾವು ಇಳಿಯಿತು, ಎಲ್ಲರೂ ಮರೆತರು. ಈಗ ಬಾಗಲಕೋಟೆಗೆ ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದ್ದಾನೆ. ಎಡಗಿವಿಯ ನರ ಮುಕ್ಕಾಲು ಹೋಗಿದೆ. ಔಷಧ ಇಲ್ಲ. ಕಿವಿಗೆ ಕೇಳುವ ಮಿಷನ್ ಹಾಕಿದರೂ ಮಾತು ಸ್ಪಷ್ಟ ಆಗುವ ಭರವಸೆ ಇಲ್ಲ.

"ಮುಚ್ಚಿಟ್ಟು ಮದುವಿ ಮಾಡ್ಕೊಳ್ಳಾಂಗಿಲ್ಲ ಅಂತ ಮಗಾ ಹಟಾ ಹಿಡದಾನ್ರಿ ಬೀಗರ. ಅದಕ ಹೇಳಾಕತ್ತೇನಿ. ಮುಂದಿಂದು ನಿಮಗ ಬಿಟ್ಟದ್ದು." ಅಳುತ್ತಿದ್ದರು.

ಕಂಡುಹಿಡಿದದ್ದು ನಾನು ಎಂದು ಅವನು ಹೇಳಿಲ್ಲ. ನನ್ನ ಹೆಸರೇ ತೆಗೆದಿಲ್ಲ.

ಅಪ್ಪ ಫೋನ್ ಇಟ್ಟು ನನ್ನ ಕಡೆ ತಿರುಗಿದ. ಆಮೇಲೆ — "ನೋಡ ತಂಗಿ, ಬ್ಯಾಡ ಅನಸಿದ್ರ ಬ್ಯಾಡ ಅನ್ನು. ನಾ ಮಾತಾಡತೀನಿ. ನಿನ್ನ ಕಡೆ ಒಬ್ಬರೂ ಬಟ್ಟ ಮಾಡಿ ತೋರಸೂದಿಲ್ಲ."

ಬೇಕಾಗಿದ್ದು ಇದೇ ತಾನೇ? ಬಾಯಿ ತೆರೆದೆ. ಬ್ಯಾಡ ಅನ್ನುವ ಮಾತು ಹೊರಬರಲಿಲ್ಲ. ಟೈಮ್ ಕೊಡ್ರಿ ಅಂದೆ.


ಆಗಸ್ಟ್ 20, ರವಿವಾರ

ಮುಧೋಳದಲ್ಲಿ ಬಸುರಿಯೊಬ್ಬಳ ಕುಪ್ಪಸದ ಕಾರ್ಯದ ಶೂಟಿಂಗ್ ಇತ್ತು. ನಾನೂ ಬರುತ್ತೇನೆ ಅಂದೆ. ಕಾಮಣ್ಣ ಮುಖ ನೋಡಿದ, ಏನೂ ಕೇಳಲಿಲ್ಲ. ಊಟದ ಹೊತ್ತಿಗೆ "ಹೋಗಿ ಬಾ, ಇಲ್ಲಿ ನಾ ನೋಡ್ಕೋತೀನಿ" ಅಂದ.

ಸೋಮಲಿಂಗನ ಅಂಗಡಿಯಲ್ಲಿ ಗಿರಾಕಿ ಇದ್ದರು. ಪೈಪಿನ ಸುರುಳಿಯ ಮೇಲೆ ಕೂತು ಕಾದೆ. ಅವರು ಹೋದ ಮೇಲೂ ಸೋಮಲಿಂಗ ಡಬ್ಬಿಗಳನ್ನು ಜೋಡಿಸುತ್ತಲೇ ಇದ್ದ.

"ಪರೀಕ್ಷಾ ಮಾಡಾಕ ಕಳಸಿದ್ದಿಲ್ರಿ," ಅಂದೆ. ಕೇಳಲಿಲ್ಲ. ಎದ್ದು ಅವನ ಬಲಗಡೆ ಬಂದು ಮತ್ತೆ ಹೇಳಿದೆ.

"ಗೊತ್ತೈತಿ," ಅಂದ. "ಸಿಟ್ಟ ನಿನ್ನ ಮ್ಯಾಲ ಅಲ್ಲ. ನಾ ಏನೇನ ಹೇಳಿದ್ನಲ್ಲ — ಪೈಪಿನ ನೀರು, ಉಸಿರು. ಅರ್ಧಾ ಹಾಡ ಕೇಳಿ ದೊಡ್ಡ ಶಾಣ್ಯಾನಂಗ ಮಾತಾಡಿದ್ನೆಲ್ಲ. ಅದಕ ನಾಚಿಕಿ ಆತು."

"ಬಲಗಡೆ ನೀವು ಹೇಳಿದ್ದು ಎಲ್ಲಾ ಖರೆ ಐತ್ರಿ. ನನಗ ಹೊಳೀಲಾರದ್ದು."

ಅವನ ಫೋನ್ ಇಸಿದುಕೊಂಡೆ. ಸೆಟ್ಟಿಂಗಿನ ಒಳಗೆ ಒಂದು ಕಡೆ ಇದೆ — ಮೊನೊ. ಎರಡೂ ಕಡೆಯ ಸದ್ದನ್ನು ಕೂಡಿಸಿ ಎರಡೂ ಕಿವಿಗೆ ಕೊಡುತ್ತದೆ. ಯಾರೂ ಮುಟ್ಟುವುದಿಲ್ಲ. ನಾನೂ ಮುಟ್ಟಿರಲಿಲ್ಲ, ಎಡ-ಬಲ ಬೇರೆ ಇರುವುದೇ ನನ್ನ ಹೆಮ್ಮೆಯಾಗಿತ್ತು. ಒತ್ತಿದೆ. ತಂದಿದ್ದ ಮೆಮೊರಿ ಕಾರ್ಡು ಹಾಕಿ, ತಾಮ್ರದ್ದು ಕೊಟ್ಟು ಹಾಡು ಹಚ್ಚಿದೆ.

ಮುಖ ನೋಡುತ್ತ ನಿಂತೆ. ನನಗೆ ಹಾಡು ಕೇಳುತ್ತಿರಲಿಲ್ಲ, ಮಳೆ ಮಾತ್ರ. ಅವನ ಹುಬ್ಬು ಮೇಲೇರಿತು. ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ.

"ಆಕಿ ಕೇಳತಾಳ..." ಅಂದ. "ಆಕಿ ಕೇಳತಾಳ, ಇಂವ ಉತ್ತರ ಕೊಡತಾನ. ನಾ ಬರೇ ಉತ್ತರ ಕೇಳಿದ್ದೆ."

ಇನ್ನೊಮ್ಮೆ ಹಚ್ಚಿದ. ಮತ್ತೊಮ್ಮೆ. ಗಿರಾಕಿ ಬಂದು ನಿಂತು ಹೋದರೂ ತಲೆ ಎತ್ತಲಿಲ್ಲ.

ಹೊರಡುವಾಗ ಅಂದ — "ಕನಿಕರಕ್ಕ ಬರಬ್ಯಾಡ, ಪ್ರೀತಿ. ಅದರಕಿಂತ ಮುರದರ ಛಲೋ."

"ಕನಿಕರ ಅಲ್ರಿ."

"ಮತ್ತೇನು?"

"ನನಗೂ ಗೊತ್ತಿಲ್ಲ. ಗೊತ್ತಾದ ಮ್ಯಾಲ ಹೇಳತೀನಿ."


ಸೆಪ್ಟೆಂಬರ್ 3

ಮತ್ತೆ ಫೋನ್ ಬರುತ್ತಿದೆ. ಊಟ, ಮಳೆ ಇಲ್ಲ. ನೇರ ಜಗಳ. ಬೂದಿ ಬಣ್ಣದ್ದೇ ಎಲ್ಲಕ್ಕಿಂತ ಒಳ್ಳೆಯದು ಅನ್ನುತ್ತಾನೆ. "ಅದು ತಾನು ಅಡ್ಡ ಬರೂದಿಲ್ಲ. ಹಾಡಾವರನ ಮುಂದ ಬಿಟ್ಟು ಹಿಂದ ನಿಂದರತೈತಿ." ಇದು ಸಪ್ಪೆ ಅಂದಿದ್ದು ನಾನು. ಇವತ್ತು ಮತ್ತೆ ಹಾಕಿ ಕೇಳಿದೆ. ಅವನ ಮಾತು ಪೂರ್ತಿ ಒಪ್ಪುವುದಿಲ್ಲ. ಅರ್ಧ ಒಪ್ಪುತ್ತೇನೆ.

ಇವತ್ತು ಧೈರ್ಯ ಮಾಡಿ ಕೇಳಿದೆ. ನಿಶ್ಚಯದ ದಿನ ಕೇಳಬೇಕಿತ್ತು.

"ನಾ ಸ್ಟುಡಿಯೋ ಬಿಡಾಂಗಿಲ್ರಿ. ಲಗ್ನ ಆದ್ರೂ."

"ಬಿಡು ಅಂತ ಯಾರ ಅಂದ್ರು? ಮುಧೋಳದಿಂದ ಜಮಖಂಡಿಗೆ ಬಸ್ಸ ಇಲ್ಲೇನು?"

"ನಿಮ್ಮ ಅವ್ವ?"

"ಆಕಿಗಿ ನಾ ಹೇಳತೀನಿ. ಎಡಗಡೆ ನಿಂತ ಬೈದ್ರ ನನಗೇನ ಕೇಳೂದಿಲ್ಲ."

ತನ್ನ ಕಿವಿಯ ಬಗ್ಗೆ ಅವನು ತಮಾಷೆ ಮಾಡಿದ್ದು ಇದೇ ಮೊದಲು. ನಗಬೇಕೋ ಬೇಡವೋ ತಿಳಿಯದೆ ನಕ್ಕೆ. ಆಮೇಲೆ ಅವನೂ.

ಫೋನ್ ಇಟ್ಟ ಮೇಲೂ ಓಡಾಡುತ್ತಿದ್ದೇನೆ. ಆದರೆ ಓಡಾಟ ಬೇರೆ ಥರದ್ದು. ಬಸ್ಸಿಗೆ ಹೊತ್ತಾಯಿತು ಅನ್ನುವಾಗಿನ ಹಾಗೆ.


ಸೆಪ್ಟೆಂಬರ್ 15

ಮದುವೆ ಆಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಊಟಕ್ಕೆ ಕೂತಿದ್ದ. ರೊಟ್ಟಿ ಮುರಿಯುವ ಕೈ ನಿಂತಿತು.

"ವಿಚಾರ ಮಾಡೀಯೇನು? ನಾಳೆ ಮಕ್ಕಳು ಅಳತಾವು, ಕೇಳಾಂಗಿಲ್ಲ. ಮಂದಿ ಕಿವುಡನ ಹೇಣ್ತಿ ಅಂತಾರು."

"ಅನ್ನಲಿ ಅಪ್ಪಾ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ ಅವರು. ಅಂಥಾವರು ಬೇಕು ನನಗ."

ಅವ್ವ ಅತ್ತಳು. ಹಟಮಾರಿ ಅಂದಳು. ಆಮೇಲೆ ಅಪ್ಪನ ತಟ್ಟೆಗೆ ಬೇಡ ಬೇಡ ಅಂದರೂ ಇನ್ನೊಂದು ರೊಟ್ಟಿ ಹಾಕಿದಳು.

ಅಪ್ಪ ಮುಧೋಳಕ್ಕೆ ಫೋನ್ ಮಾಡಿದ. "ರವಿವಾರ ಬರ್ರಿ, ಕುಂತ ಮಾತಾಡೂನು" — ಅಷ್ಟೇ. ಉತ್ತರ ಏನೆಂದು ಹೇಳಲಿಲ್ಲ. ಇಂಥದ್ದನ್ನು ಫೋನಿನಲ್ಲಿ ಹೇಳಬಾರದಂತೆ. ನೀನೂ ಅವನಿಗೆ ಹೇಳಬೇಡ ಅಂದಿದ್ದಾನೆ.


ಸೆಪ್ಟೆಂಬರ್ 17, ರವಿವಾರ, ಬೆಳಿಗ್ಗೆ

ರಾತ್ರಿಯೆಲ್ಲ ಮಳೆ. ಸೋಮಲಿಂಗ ಎರಡು ದಿನದಿಂದ ಮಾತು ಕಡಿಮೆ ಮಾಡಿದ್ದಾನೆ. ಮುರಿಯಲು ಕರೆಸುತ್ತಿದ್ದಾರೆ ಎಂದೇ ತಿಳಿದಿದ್ದಾನೆ. ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಹಿರಿಯರೆಲ್ಲ ಸಾಲಾಗಿ ಕೂತು, ಚಹಾ ಕುಡಿದು, ಮಳೆ-ಬೆಳೆ ಮಾತಾಡಿ, ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು... ಅಷ್ಟು ಹೊತ್ತು ಅವನು ಹಾಗೇ ಕೂತಿರಬೇಕೇ? ಆಗುವುದಿಲ್ಲ. ಅಪ್ಪ ಸಿಟ್ಟಾದರೆ ಆಗಲಿ.

ಕೆಳಗೆ ಮೋಟರ್‌ಸೈಕಲ್ ನಿಂತಿತು. ಕಿಟಕಿಯಿಂದ ಕಂಡ — ಒಬ್ಬನೇ, ಪೂರ್ತಿ ತೊಯ್ದಿದ್ದಾನೆ. ಉಳಿದವರು ಬಸ್ಸಿಗೆ ಬರುತ್ತಿರಬೇಕು. ಅಪ್ಪ ಇನ್ನೂ ಸ್ನಾನಕ್ಕೆ ಕೂತಿದ್ದಾನೆ. ಅವ್ವ ಒಲೆ ಮುಂದಿನಿಂದ ಏಳುವಷ್ಟರಲ್ಲಿ ನಾನೇ ಇಳಿದು ಹೋಗಿ, ಅವನ ಬಲಗಡೆ ನಿಂತು ಹೇಳಬೇಕು — ಕರೆಸಿದ್ದು ಮುರಿಯಲು ಅಲ್ಲ.