ಎಡಗಡೆಯ ನೋಟ

ಮಂಗಳವಾರ, ೪. ಮಧ್ಯಾಹ್ನ

ರಿಹರ್ಸಲ್ ಮುಗಿಸಿ ಈಗ ಬಂದೆ. ರಂಗದ ಎಡಪಕ್ಕ, ಸೈಡ್‌ವಿಂಗಿನಲ್ಲಿ ಅದೇ ಕುಂಟು ಸ್ಟೂಲು, ತೊಡೆಯ ಮೇಲೆ ಸ್ಕ್ರಿಪ್ಟು. ನಮ್ಮವರು ರಾಜ, ಇವರು ಮರೆತ ಮಾತು ಎತ್ತಿಕೊಡುವವಳು ನಾನು. ಹತ್ತೊಂಬತ್ತು ವರ್ಷದಿಂದ ಇದೇ ನಾಟಕ. ರಾಜ ಚಾಡಿ ನಂಬಿ ರಾಣಿಯನ್ನು ಕೊಲ್ಲಿಸುತ್ತಾನೆ. ಕೊನೆಗೆ ಕಾವಲಿನವನು ಬಾಗಿಲು ಹಾಕಲು ಬಂದಾಗ ರಾಜ ಹೇಳಬೇಕು — 'ಹಾಕಬೇಡ, ಅವಳಿನ್ನೂ ಬಂದಿಲ್ಲ.' ಮಾರುದ್ದದ ಭಾಷಣಗಳೆಲ್ಲ ಇವರಿಗೆ ಬಾಯಿಪಾಠ. ಈ ಮೂರು ಪದ ಮಾತ್ರ ಪ್ರತಿ ಸಲ ಮರೆವು. ಎಡಕ್ಕೆ ತಿರುಗಿ ನನ್ನನ್ನು ನೋಡುತ್ತಾರೆ. ಪಿಸುಗುಟ್ಟುತ್ತೇನೆ. ಹೇಳುತ್ತಾರೆ.

ಈಗ ಅದೇ ನಾಟಕ ಸಿನಿಮಾ ಆಗಿದೆ. ಅದರಲ್ಲೂ ಇವರೇ ರಾಜ. ನಲವತ್ತು ದಿನ ಶೂಟಿಂಗ್, ನಾನಿಲ್ಲದೆ.

"ಅಲ್ಲಿ ಮಾತು ಯಾರು ಎತ್ತಿಕೊಟ್ರು?" ಎಂದೆ.

"ಅಲ್ಲೆಲ್ಲ ತುಂಡು ತುಂಡಾಗಿ ತೆಗೀತಾರೆ ಕಣೇ. ಯಾರೂ ಬೇಕಾಗಲ್ಲ."

ಯಾರೂ ಬೇಕಾಗಲ್ಲವಂತೆ. ಪಾತ್ರೆ ಕುಕ್ಕಿದೆ.

ಶುಕ್ರವಾರ, ೭

ಸಿನಿಮಾದ ಮೊದಲ ಶೋ. ನಾದಿನಿಯ ಜೊತೆ ಹೋಗಿದ್ದೆ. ಬಾಗಿಲಿನ ಸೀನ್ ಬಂತು. ಇವರು ನಿಂತರು. ಎಡಕ್ಕೆ ತಿರುಗಿದರು. ಅಯ್ಯೋ, ಅದು ನನ್ನ ನೋಟ. ಬಾಯಿ ಸುಮ್ಮನಿರಲಿಲ್ಲ, ಕೂತಲ್ಲೇ ಮಾತು ಎತ್ತಿಕೊಟ್ಟೆ... ನಾದಿನಿ ಚಿವುಟಿದಳು.

ಅಷ್ಟರಲ್ಲಿ ಇವರು ನೋಡಿದ ಕಡೆ ಯಾರನ್ನು ತೋರಿಸಿದರು? ಸತ್ತ ರಾಣಿಯನ್ನು. ಆ ಸಿನಿಮಾದವಳ ಮುಖ, ಪರದೆ ತುಂಬ. ಮುಂದಿನ ಸಾಲಿನವರು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಹೊಟ್ಟೆ ಉರಿದುಹೋಯಿತು. ಚೆನ್ನಾಗಿಯೇ ಮಾಡಿದ್ದಾಳೆ, ಹಾಳಾದವಳು.

ಅದೇ ದಿನ, ಸಂಜೆ

ಅಲ್ಲಿ ಎಡಕ್ಕೆ ಯಾಕೆ ತಿರುಗಿದ್ರಿ ಎಂದು ಕೇಳಿಯೇ ಬಿಟ್ಟೆ.

"ಮರ್ತುಹೋಯ್ತು ಕಣೇ. ಅಭ್ಯಾಸ ನೋಡು, ನಿನ್ನ ಹುಡುಕ್ದೆ. ಡೈರೆಕ್ಟರು ಚೆನ್ನಾಗಿದೆ ಅಂತ ಇಟ್ಕೊಂಡ್ರು."

ಜೀವ ತಂಪಾಯಿತು. ಅಲ್ಲಿಗೇ ಬಿಡಬೇಕಿತ್ತು.

"ಆಮೇಲೆ? ಮಾತು?"

"ರಾಣಿ ಪಾರ್ಟಿನ ಹುಡುಗಿ ಕ್ಯಾಮೆರಾ ಪಕ್ಕ ನಿಂತಿದ್ಲು. ಅವಳೇ ಮೆಲ್ಲಗೆ ಹೇಳಿದ್ಲು."

ಅವಳು ಇವರ ಕೈ ಹಿಡಿದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಭಾನುವಾರ, ೧೬

ಮಧ್ಯಾಹ್ನದ ನಾಟಕ. ಸಿನಿಮಾದ ದೆಸೆಯಿಂದ ಹೌಸ್‌ಫುಲ್. ಬಾಗಿಲಿನ ಸೀನಿನಲ್ಲಿ ಇವರು ನನ್ನ ಕಡೆ ತಿರುಗಿದರು. ನಾನು ತುಟಿ ಬಿಚ್ಚಲಿಲ್ಲ. ಬೇಕೆಂದೇ. ಕರೀರಿ ಅವಳನ್ನೇ, ಅಂದುಕೊಂಡೆ. ಇವರ ಹಣೆಯಲ್ಲಿ ಬೆವರು, ಕಣ್ಣಲ್ಲಿ ಭಯ — ನಟನೆಯಲ್ಲ, ನನಗೆ ಗೊತ್ತು. ಇವರು ಸಿನಿಮಾದಲ್ಲಿ ನಿಂತ ಹಾಗೇ ನಿಂತಿದ್ದಾರೆ ಎಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ. ಅದೇ ಗದ್ದಲದಲ್ಲಿ ಪರದೆ ಬಿತ್ತು.

ಬಣ್ಣ ಒರೆಸುತ್ತ ಕೇಳಿದರು, "ಬೇಕಂತ ಸುಮ್ನಿದ್ದೆ, ಅಲ್ವಾ?"

"ಹೌದು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ, ೨೦

ನಾಲ್ಕು ದಿನದಿಂದ ಮಾತುಕತೆ ಅಷ್ಟಕ್ಕಷ್ಟೆ. ಸದಾ ಏನೋ ಗೊಣಗಿಕೊಳ್ಳುತ್ತಾರೆ. ತಪ್ಪು ನನ್ನದೇ. ಭಾನುವಾರ ಗಟ್ಟಿಯಾಗಿ ಹೇಳಿಕೊಡುತ್ತೇನೆ, ಮೊದಲ ಸಾಲಿನವರಿಗೆ ಕೇಳಿಸಿದರೂ ಸರಿ.

ಭಾನುವಾರ, ೨೩

ಸೀನ್ ಬಂತು. ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದೆ. ಇವರು ನಿಂತರು. ಬಾಯಿ ತೆರೆದೆ.

ತಿರುಗಲೇ ಇಲ್ಲ. ಎದುರಿಗೆ ನೋಡುತ್ತ, ಒಂದಿಷ್ಟೂ ತಡವರಿಸದೆ ಹೇಳಿದರು. ಕಲಿತುಬಿಟ್ಟಿದ್ದಾರೆ. ಹತ್ತೊಂಬತ್ತು ವರ್ಷದಲ್ಲಿ ಆಗದ್ದು ಒಂದೇ ವಾರದಲ್ಲಿ.

ಆಮೇಲೆ ನನ್ನ ಹತ್ತಿರ ಬಂದು, "ಮುಂದಿನ ವಾರ ಎದುರುಗಡೆ ಕೂತು ನೋಡು ಕಣೇ. ಇಷ್ಟು ವರ್ಷ ನೀನು ನೋಡೇ ಇಲ್ವಲ್ಲ" ಎಂದರು. ಸಿಟ್ಟಿನಿಂದಲ್ಲ. ಪ್ರೀತಿಯಿಂದಲೇ.

ಆಗಲಿ ಎಂದೆ. ಎದುರುಗಡೆ ಕೂತು, ಇನ್ನೂರು ಜನರ ನಡುವೆ, ನಾನು ಇವರಿಗೆ — ಮುಂದಿನ ಮಾತು ನನಗೇ ಹೊಳೆಯುತ್ತಿಲ್ಲ, ಎತ್ತಿಕೊಡುವವರಿಲ್ಲ.