ಬಾಸ್ ರೆಕಾರ್ಡರ್ ವಾಪಸ್ ಕೊಡಬೇಡ

ಅಮ್ಮಾ,

ಬಾಸ್ ರೆಕಾರ್ಡರನ್ನು, ಅದೇ ನಿನ್ನ ದಪ್ಪ ದನಿಯ ಉದ್ದ ಕೊಳಲನ್ನು, ಇವತ್ತು ಅಂಗಡಿಗೆ ವಾಪಸ್ ಕೊಡಬೇಡ. "ಹೊಸದಾಗಿ ಕಲಿಯೋರಿಗೆ ಚಿಕ್ಕದು ಸಾಕು ಮೇಡಂ" ಎಂದ ಅಂಗಡಿಯವನಿಗೆ ನೀನು, "ನನ್ನ ದನಿಯೇ ದಪ್ಪ ಕಣಪ್ಪಾ, ಊದೋದೂ ದಪ್ಪದ್ದೇ ಇರಲಿ. ಮರದ್ದು ದುಬಾರಿ, ಪ್ಲಾಸ್ಟಿಕ್ಕಿಂದು ಕೊಡು" ಎಂದದ್ದನ್ನು ಇಡೀ ಆಫೀಸಿಗೆ ನಿನ್ನ ದನಿಯಲ್ಲೇ ಆಡಿ ತೋರಿಸಿದ್ದೇನೆ. ಈಗ ಇದು ನನ್ನ ಮರ್ಯಾದೆ ಪ್ರಶ್ನೆ.

ಅದು ಇಷ್ಟು ದಿನ ಕಿರುಚುತ್ತಿದ್ದದ್ದು ಅಗ್ಗದ ಮಾಲು ಅಂತಲ್ಲ. ಶಾಲೆಯ ಮೈದಾನದಲ್ಲಿ ವರ್ಷಗಟ್ಟಲೆ ವಿಸಿಲ್ ಊದಿದ ಪಿ.ಟಿ. ಟೀಚರ್ ನೀನು, ಅದೇ ಜೋರಿನಲ್ಲಿ ಇದನ್ನೂ ಊದುತ್ತಿದ್ದೆ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದೆನೆಂದುಕೊಂಡು, ಬಿಸಿ ಹಾಲು ಆರಿಸುವ ಹಾಗೆ ಮೆಲ್ಲಗೆ ಊದಿದೆಯಲ್ಲ, ಆಗ ಹೊರಟ ತಗ್ಗು ಸ್ವರಕ್ಕೆ ಸ್ಟ್ಯಾಂಡಿನ ಲೋಟಗಳೆಲ್ಲ ಗುಂಯ್ ಎಂದವು. ಬಾಗಿಲ ಹಿಂದೆ ಟವೆಲ್ ಹಿಡಿದು ನಿಂತಿದ್ದ ನನಗೆ, ಇವಳು ನಮ್ಮಮ್ಮ ಎಂದು ಎದೆಯುಬ್ಬಿತು.

ಊದಿದ ಮೇಲೆ ಒಳಗಿನ ತೇವ ಒರೆಸು. ಚಿಕ್ಕಪ್ಪ "ಎಮ್ಮೆ ಕೂಗ್ತಾ ಅತ್ತಿಗೆ?" ಎಂದರೆ ವಿಸಿಲ್ ಊದಿ ಮನೆ ಸುತ್ತ ಓಡಿಸು. ಸಂಜೆ ಆ ಸ್ವರವನ್ನು ನಾನು ಎದುರಿಗೇ ಕೂತು ಕೇಳಬೇಕು.

ರಸೀದಿ ಹುಡುಕಬೇಡ. ಅದು ನನ್ನ ಜೊತೆ ಆಫೀಸಿಗೆ ಹೊರಟಿದೆ.