ಒಂದೇ ಸಲ ಓದಿದರೆ ಸಾಕು

ಮಾರ್ಚ್ ೧೧, ಮಂಗಳವಾರ

ನಮ್ಮ ವಿಮಾ ಕಂಪನಿಯ ಸಂದೇಶಗಳನ್ನು ಗ್ರಾಹಕರು ಮತ್ತೆ ಮತ್ತೆ ತೆರೆದು ನೋಡುತ್ತಾರೆಂದು ಮ್ಯಾನೇಜರು ಇವತ್ತೂ ಗ್ರಾಫ್ ತೋರಿಸಿ ಬೀಗಿದರು. ನನಗೆ ಮೈಯೆಲ್ಲ ಉರಿ. ಅತ್ತೆಯೂ ನಮ್ಮ ಗ್ರಾಹಕರೇ. ನಾವು ಕಳಿಸಿದ ಒಂದೇ ಸಂದೇಶವನ್ನು ವಾರವಿಡೀ ತೆರೆದು ನೋಡಿ, "ಇದರ ತಲೆಬುಡ ಗೊತ್ತಾಗ್ತಿಲ್ಲ ಕಣೆ, ನನ್ನ ಪಾಲಿಸಿ ಇದೆಯೋ, ಹೋಯ್ತೋ?" ಎಂದು ಕಂಗಾಲಾಗಿದ್ದರು. ಆ ಗಾಬರಿಯೂ ನಮ್ಮ ಲೆಕ್ಕದಲ್ಲಿ ಯಶಸ್ಸು!

ನಿಯಮದ ಒಂದು ಮಾತನ್ನೂ ಬಿಡದೆ ಆ ಸಂದೇಶವನ್ನು ನಾನೇ ಹೊಸದಾಗಿ ಬರೆದೆ. ಮೊದಲ ಸಾಲೇ "ನಿಮ್ಮ ಪಾಲಿಸಿ ಚಾಲ್ತಿಯಲ್ಲಿದೆ" ಎಂದು. ಕಾನೂನು ವಿಭಾಗದವರು ಒಪ್ಪಿದರು. ಮ್ಯಾನೇಜರು ಮಾತ್ರ, "ಇದನ್ನ ಯಾರಮ್ಮ ಎರಡನೇ ಸಲ ತೆಗೀತಾರೆ?" ಎಂದರು.

"ಯಾರೂ ತೆಗೀಬಾರ್ದು ಸಾರ್. ಅದೇ ಅಳತೆ."

ರಾತ್ರಿ ಮನೆಯಲ್ಲಿ ಹೊಸದನ್ನು ಅತ್ತೆಯ ಫೋನಿಗೆ ಕಳಿಸಿ ತೋರಿಸಿದೆ. ಒಂದೇ ಸಲ ಓದಿ, ಫೋನ್ ಬೋರಲು ಹಾಕಿ ಮಲಗಿದರು. ಗೋಡೆಯಾಚೆಯಿಂದ ಗೊರಕೆ ಕೇಳುತ್ತಿದೆ. ನಾಳೆಯ ಗ್ರಾಫಿನಲ್ಲಿ ಈ ನಿದ್ದೆಗೂ ಒಂದು ಗೆರೆ ಎಳೆಯಬೇಕು, ಯಾವ ಬಣ್ಣದಲ್ಲಿ ಅಂತ ಯೋಚಿಸುತ್ತಿದ್ದೇನೆ.